ಲೇಕಿನಲ್ಲಿ ಫ್ಲೋಟ್ ತೇಲಿ ಹೋಗದ ಹಾಗೆ ಕಟ್ಟುವುದು ಹೇಗೆ?

ಮೇ ತಿಂಗಳ ಕೊನೆ ಬಂತೆಂದರೆ ಒಂದೇ ಪ್ರಶ್ನೆ ಹತ್ತು ಜನರಿಂದ ಬರುತ್ತದೆ. "ಲೇಕಿಗೆ ಹೊರಟಿದ್ದೀವಿ, ದೊಡ್ಡ ಫ್ಲೋಟ್ ತಗೊಂಡಿದ್ದೀವಿ, ಅದು ಎಲ್ಲೋ ತೇಲಿ ಹೋಗದ ಹಾಗೆ ಏನು ಮಾಡೋದು?" ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ.

ನಾನಿರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಬೇಸಿಗೆಯ ಶನಿವಾರಗಳೆಲ್ಲ ಕಳೆಯುವುದು ಲೇಕ್ ಟ್ರಾವಿಸ್‌ನಲ್ಲಿ. ಹೆಸರಿಗೆ ಲೇಕ್, ನಿಜಕ್ಕೆ ಅದು ಕೊಲೊರಾಡೊ ನದಿಗೆ (ಟೆಕ್ಸಾಸಿನದು, ಗ್ರ್ಯಾಂಡ್ ಕ್ಯಾನಿಯನ್ನಿನದು ಬೇರೆ) ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಕಟ್ಟಿದ್ದರಿಂದ ನಿಂತ ಹಿನ್ನೀರು. ಹೆಚ್ಚಿನ ಕಡೆ ತಳ ಸುಣ್ಣಕಲ್ಲು. ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಏರುತ್ತದೆ, ಇಳಿಯುತ್ತದೆ. ದೋಣಿಗಳ ಓಡಾಟವೂ ಜಾಸ್ತಿ. ನಿಮ್ಮದು ಜಾರ್ಜಿಯಾದ ಲೇಕ್ ಲೇನಿಯರ್ ಇರಬಹುದು, ಮಿಶಿಗನ್ನಿನ ಯಾವುದೋ ಪುಟ್ಟ ಕೆರೆ ಇರಬಹುದು. ತಳ ಬೇರೆಯಾಗುತ್ತದೆ, ಲೆಕ್ಕ ಅದೇ.

ಫ್ಲೋಟ್ ಅಂದರೆ ಇಲ್ಲಿ ನಾನು ಹೇಳುತ್ತಿರುವುದು ಗಾಳಿ ತುಂಬುವ ಪ್ಲಾಸ್ಟಿಕ್ ಸಾಮಾನುಗಳ ಬಗ್ಗೆ: ಒಬ್ಬರು ಕೂರುವ ಟ್ಯೂಬು, ಮಲಗುವ ಹಾಸಿಗೆ, ಫ್ಲೆಮಿಂಗೊ, ಯೂನಿಕಾರ್ನ್, ಆರು ಜನ ಹಿಡಿಸುವ "ದ್ವೀಪ". ಇವನ್ನು ಮಾಡಿರುವುದು ಈಜುಕೊಳಕ್ಕೆ. ಕೊಳದಲ್ಲಿ ನಾಲ್ಕು ಕಡೆ ಗೋಡೆ ಇರುತ್ತದೆ, ಲೇಕಿನಲ್ಲಿ ಇರುವುದಿಲ್ಲ. ಎಲ್ಲ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಇನ್ನೊಂದು ಮಾತು. ಫ್ಲೋಟನ್ನು ಒಯ್ಯುವುದು ನೀರು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಗಾಳಿ. ಫ್ಲೋಟ್ ಹಗುರ, ನೀರೊಳಗೆ ಇಳಿಯುವುದು ನಾಲ್ಕು ಬೆರಳು, ಮೇಲೆ ಎದ್ದು ನಿಂತಿರುವುದೆಲ್ಲ ಹಾಯಿಯೇ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 10 ಮೈಲಿ ಗಾಳಿ ಒಂದು ಚದರ ಮೀಟರ್ ಅಗಲದ ಫ್ಲೋಟಿಗೆ ತಾಗಿದರೆ ಸುಮಾರು ಒಂದೂವರೆ ಕೆ.ಜಿ. ಎಳೆತ. ಅದೇ 20 ಮೈಲಿಯಾದರೆ ಆರು ಕೆ.ಜಿ. ದೊಡ್ಡ ಫ್ಲೆಮಿಂಗೊ ಎರಡು ಚದರ ಮೀಟರ್ ಇದ್ದರೆ ಹನ್ನೆರಡು. ಬೆಳಿಗ್ಗೆ ಗಟ್ಟಿಯಾಗಿ ನಿಂತಿದ್ದ ಲಂಗರು ಮಧ್ಯಾಹ್ನ ಕಿತ್ತು ಬರುವುದಕ್ಕೆ ಕಾರಣ ಇದೇ.

ಏನೇನು ಬೇಕು

ಲಂಗರು ಒಂದು, ದೊಡ್ಡ ಫ್ಲೋಟಿಗೆ ಎರಡು. ನೈಲಾನ್ ಹಗ್ಗ. ಮೂರರಿಂದ ಆರು ಅಡಿ ಸಣ್ಣ ಸರಪಳಿ, ಪ್ಲಾಸ್ಟಿಕ್ ಹೊದಿಕೆ ಇರುವುದಾದರೆ ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲಿನ ಎರಡು ಮೂರು ಕ್ಯಾರಬೀನರ್, ಅಂದರೆ ಒತ್ತಿದರೆ ಬಾಯಿ ತೆರೆದುಕೊಳ್ಳುವ ಕೊಂಡಿ. ಒಂದು ಪೂಲ್ ನೂಡಲ್ (ಉದ್ದನೆಯ ಫೋಮಿನ ಕೋಲು), ಗಾಢ ಬಣ್ಣದ್ದು. ಬಣ್ಣದ ಟೇಪು. ಮಡಚುವ ಚಾಕು. ಪರ್ಮನೆಂಟ್ ಮಾರ್ಕರ್. ನೀರಿಗೆ ಇಳಿಯುವ ಪ್ರತಿಯೊಬ್ಬರಿಗೂ ಕೋಸ್ಟ್ ಗಾರ್ಡ್ ಒಪ್ಪಿಗೆಯ ಲೇಬಲ್ ಇರುವ ಲೈಫ್ ಜಾಕೆಟ್. ಮಕ್ಕಳ ತೋಳಿಗೆ ಹಾಕುವ ಗಾಳಿ ಪಟ್ಟಿ ಲೈಫ್ ಜಾಕೆಟ್ ಅಲ್ಲ, ಫ್ಲೋಟಂತೂ ಅಲ್ಲವೇ ಅಲ್ಲ.

ಹಳದಿ ಬಣ್ಣದ ಅಗ್ಗದ ಹಗ್ಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದು ಪಾಲಿಪ್ರೊಪಿಲೀನ್. ನೀರಿನ ಮೇಲೆ ತೇಲುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ತೇಲುವ ಹಗ್ಗ ಹೋಗುವ ಬರುವ ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ, ಈಜುವವರ ಕಾಲಿಗೂ ಸಿಗುತ್ತದೆ. ಬಿಸಿಲಿಗೆ ಬೇಗ ಪುಡಿಯಾಗುತ್ತದೆ ಕೂಡ. ನೈಲಾನ್ ಮುಳುಗುತ್ತದೆ, ಸ್ವಲ್ಪ ಹಿಗ್ಗುತ್ತದೆ, ಅಲೆ ಬಂದಾಗ ಜಗ್ಗುವಿಕೆಯನ್ನು ತಾನೇ ನುಂಗಿಕೊಳ್ಳುತ್ತದೆ. ದಪ್ಪ ಕಾಲು ಇಂಚು ಇದ್ದರೆ ಬಲಕ್ಕೆ ಸಾಕು. ಒದ್ದೆ ಕೈಯಲ್ಲಿ ಎಳೆಯಬೇಕಲ್ಲ, ಅದಕ್ಕೆ ನಾನು ಇನ್ನೂ ಸ್ವಲ್ಪ ದಪ್ಪನೆಯದನ್ನೇ ತೆಗೆದುಕೊಳ್ಳುತ್ತೇನೆ.

1. ಹೊರಡುವ ಮೊದಲು ಗಾಳಿ ನೋಡಿ

ಮಳೆ ಇದೆಯೋ ಇಲ್ಲವೋ ಎಂದು ಎಲ್ಲರೂ ನೋಡುತ್ತಾರೆ, ಗಾಳಿ ನೋಡುವವರು ಕಡಿಮೆ. ನ್ಯಾಷನಲ್ ವೆದರ್ ಸರ್ವಿಸ್‌ನ ಜಾಲತಾಣದಲ್ಲಿ ನಿಮ್ಮ ಲೇಕಿನ ಊರಿನ ಗಂಟೆಗಂಟೆಯ ಮುನ್ಸೂಚನೆ ಸಿಗುತ್ತದೆ. ಅದರಲ್ಲಿ ಗಾಳಿಯ ವೇಗದ ಜೊತೆ "ಗಸ್ಟ್" ಅಂತ ಇನ್ನೊಂದು ಅಂಕಿ ಇರುತ್ತದೆ. ಗಸ್ಟ್ ಅಂದರೆ ನಡುನಡುವೆ ಬೀಸುವ ಜೋರು ಹೊಡೆತ. ಲಂಗರನ್ನು ಕೀಳುವುದು ಸರಾಸರಿ ಗಾಳಿಯಲ್ಲ, ಈ ಹೊಡೆತ. ನನ್ನ ಲೆಕ್ಕ ಹೀಗೆ: ಗಸ್ಟ್ 10 ಮೈಲಿಯ ಒಳಗಿದ್ದರೆ ಆರಾಮ, 15 ಆದರೆ ದೊಡ್ಡ ಫ್ಲೋಟ್ ಮನೆಯಲ್ಲೇ ಇರಲಿ, 20 ಆದರೆ ಯಾವುದೂ ಬೇಡ, ದಡದಲ್ಲಿ ಕೂತು ಚುರುಮುರಿ ತಿನ್ನಿ.

ಸಾಮಾನ್ಯವಾಗಿ ಬೆಳಿಗ್ಗೆ ಗಾಳಿ ಕಡಿಮೆ. ನೆಲ ಕಾದ ಮೇಲೆ ಎದ್ದುಕೊಳ್ಳುತ್ತದೆ. ಒಂಬತ್ತಕ್ಕೆ ಹೋಗಿ ಒಂದಕ್ಕೆ ಮುಗಿಸಿದರೆ ಅರ್ಧ ತಲೆನೋವು ತಪ್ಪುತ್ತದೆ. ಆದರೆ ನಮ್ಮವರು ಚಿತ್ರಾನ್ನ ಕಲಸಿ, ಫ್ಲಾಸ್ಕಿಗೆ ಕಾಫಿ ತುಂಬಿ, ಮೂರು ಮನೆಯವರನ್ನು ಕಾದು ಹೊರಡುವಾಗ ಹನ್ನೆರಡು, ಅಲ್ವಾ?

ಲೇಕಿಗೆ ಬಂದ ಮೇಲೆ ಇನ್ನೊಮ್ಮೆ ನೋಡಿ. ಒಂದು ಹಿಡಿ ಒಣ ಹುಲ್ಲು ಮೇಲಕ್ಕೆ ತೂರಿ. ಹುಲ್ಲು ನಿಮ್ಮ ಕಡೆಗೆ, ದಡಕ್ಕೆ ಬಂದರೆ ಒಳ್ಳೆಯದು. ಫ್ಲೋಟ್ ತಪ್ಪಿಸಿಕೊಂಡರೂ ದಡಕ್ಕೇ ಬರುತ್ತದೆ. ಹುಲ್ಲು ನೀರಿನ ಕಡೆಗೆ ಹಾರಿದರೆ ಎಚ್ಚರ. ಇದು ದಡದಿಂದ ಹೊರಕ್ಕೆ ಬೀಸುವ ಗಾಳಿ, ಬಹಳ ಮೋಸದ್ದು. ಯಾಕೆಂದರೆ ದಡದ ಮರಗಳು, ದಿಬ್ಬ ಗಾಳಿಗೆ ಅಡ್ಡ ನಿಂತಿರುವುದರಿಂದ ನಿಮ್ಮ ಮುಂದಿನ ನೀರು ಕನ್ನಡಿಯ ಹಾಗೆ ಕಾಣುತ್ತದೆ, ಮಕ್ಕಳು ಖುಷಿಯಿಂದ ಇಳಿಯುತ್ತಾರೆ, ನೂರು ಅಡಿ ಆಚೆ ಹೋದ ಮೇಲೆ ಗಾಳಿ ಹಿಡಿದುಕೊಳ್ಳುತ್ತದೆ ಮತ್ತು ಅಲ್ಲಿಂದ ಆಚೆಗೆ ಪ್ರತಿ ಅಡಿಗೂ ಅಲೆ ದೊಡ್ಡದಾಗುತ್ತಾ ಹೋಗುತ್ತದೆ. ಲೇಕ್ ಮಿಶಿಗನ್ ಥರದ ಸಮುದ್ರದಂಥ ಲೇಕಿನಲ್ಲಿ ಹೊರಗಾಳಿ ಇರುವ ದಿನ ಫ್ಲೋಟ್ ಬಿಡಲೇಬೇಡಿ. ಲಂಗರು ಇದ್ದರೂ ಬೇಡ.

2. ಜಾಗ ಮತ್ತು ತಳ

ದೋಣಿ ಓಡುವ ದಾರಿಯಿಂದ, ದೋಣಿ ಇಳಿಸುವ ರ‍್ಯಾಂಪಿನಿಂದ ದೂರ ಇರಿ. ಈಜುವುದಕ್ಕೆ ಬೇರೆ ಮಾಡಿ, ತೇಲುವ ಗುರುತು ಹಾಕಿರುವ ಜಾಗದಲ್ಲಿ ಫ್ಲೋಟಿಗೆ ಬಿಡುತ್ತಾರೋ, ಲಂಗರಿಗೆ ಬಿಡುತ್ತಾರೋ ಎಂದು ಪಾರ್ಕಿನವರನ್ನು ಮೊದಲೇ ಕೇಳಿ. ನಿಯಮ ಪಾರ್ಕಿನಿಂದ ಪಾರ್ಕಿಗೆ ಬೇರೆ. ನೀರಿನಲ್ಲಿ ನಿಂತಿರುವ ಸರ್ಕಾರಿ ಬಾಯ್‌ಗೆ (ದೋಣಿಗಳಿಗೆ ದಾರಿ ತೋರಿಸುವ ತೇಲುಗುರುತು) ಫ್ಲೋಟ್ ಕಟ್ಟಬೇಡಿ. ಅದು ಕಾನೂನಿಗೆ ವಿರುದ್ಧ. ಪ್ರತಿ ವರ್ಷ ಯಾರಾದರೂ ಒಬ್ಬರು "ಅದೇ ಇದೆಯಲ್ಲ, ಸುಮ್ನೆ ಕಟ್ಟಿದರೆ ಆಯ್ತು" ಅನ್ನುತ್ತಾರೆ.

ಈಗ ತಳ. ಕಾಲಿನಿಂದ ಮುಟ್ಟಿ ನೋಡಿ, ಚಪ್ಪಲಿ ಹಾಕಿಕೊಂಡೇ. ಲೇಕ್ ಟ್ರಾವಿಸ್‌ನಲ್ಲಿ 2017ರಿಂದ ಜೀಬ್ರಾ ಮಸೆಲ್ ಎಂಬ ಬೆರಳುಗುರಿನಷ್ಟು ಸಣ್ಣ ಚಿಪ್ಪಿನ ಹುಳು ಸೇರಿಕೊಂಡಿದೆ. ಕಲ್ಲು, ಕಂಬ, ಎಲ್ಲದಕ್ಕೂ ಅಂಟಿಕೊಂಡಿರುತ್ತದೆ. ಅದರ ಅಂಚು ಬ್ಲೇಡು. ಪಾದ ಸೀಳುತ್ತದೆ, ಫ್ಲೋಟಿನ ಪ್ಲಾಸ್ಟಿಕ್ಕೂ, ಹಗ್ಗವೂ ಅಷ್ಟೇ.

ಮರಳೋ, ಕೆಸರೋ, ಕಲ್ಲೋ ಎನ್ನುವುದರ ಮೇಲೆ ಮುಂದಿನ ಹಂತ.

3. ಯಾವ ಲಂಗರು?

ಮೊದಲ ವರ್ಷ ನಾನು ಮಾಡಿದ ಕೆಲಸ ಹೇಳಿಬಿಡುತ್ತೇನೆ, ನಗಬೇಡಿ. ಒಂದು ಗ್ಯಾಲನ್ನಿನ ಎರಡು ಹಾಲಿನ ಕ್ಯಾನಿಗೆ ನೀರು ತುಂಬಿಸಿ ಲಂಗರು ಮಾಡಿದೆ. ದಡದಲ್ಲಿ ಎತ್ತಿದಾಗ ಕೈ ಜಗ್ಗುವಷ್ಟು ಭಾರ. ನೀರಿಗೆ ಹಾಕಿದರೆ ಕ್ಯಾನು ಅಲ್ಲೇ ಮೇಲ್ಗಡೆ ಓಲಾಡುತ್ತಾ ನಿಂತಿತು, ಫ್ಲೋಟ್ ಹೊರಟಿತು, ಕ್ಯಾನುಗಳು ಅದರ ಹಿಂದೆ ಹೊರಟವು. ನೀರಿನೊಳಗೆ ನೀರಿಗೆ ಏನು ತೂಕ? ಸೊನ್ನೆ. ಬಾವಿಯಲ್ಲಿ ತುಂಬಿದ ಕೊಡ ನೀರೊಳಗೆ ಇರುವವರೆಗೂ ಹಗುರ, ಮೇಲೆ ಬಂದ ಮೇಲೆ ಭಾರ. ಚಿಕ್ಕಂದಿನಿಂದ ನೋಡಿದ್ದೇ. ಆದರೂ ಹೊಳೆಯಲಿಲ್ಲ.

ಬೇರೆ ಭಾರಗಳೂ ನೀರಲ್ಲಿ ತೂಕ ಕಳೆದುಕೊಳ್ಳುತ್ತವೆ. ಕಾಂಕ್ರೀಟ್ ಇಟ್ಟಿಗೆ ಸುಮಾರು ನೂರಕ್ಕೆ ನಲವತ್ತು ಭಾಗ ಕಳೆದುಕೊಳ್ಳುತ್ತದೆ. ಮರಳು ಚೀಲವೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣ ಎಂಟರಲ್ಲಿ ಒಂದು ಭಾಗ ಮಾತ್ರ. ಹಾಗಾಗಿ ಜಿಮ್ಮಿನ ಹಳೆ ಡಂಬೆಲ್ ಇಟ್ಟಿಗೆಗಿಂತ ವಾಸಿ. ಆದರೂ ಬರೀ ಭಾರ ಇರುವುದು ತಳದ ಮೇಲೆ ಜಾರುತ್ತದೆ. ಹತ್ತು ಪೌಂಡಿನ ಡಂಬೆಲ್ ನೀರೊಳಗೆ ನಾಲ್ಕು ಕೆ.ಜಿ. ಇರಬಹುದು, ಆದರೆ ಜಾರದೆ ತಡೆಯುವುದು ಅದರ ಅರ್ಧದಷ್ಟು ಎಳೆತವನ್ನು. ಮೇಲಿನ ಗಾಳಿಯ ಲೆಕ್ಕಕ್ಕೆ ಹೋಲಿಸಿ ನೋಡಿ. ಭಾರದಿಂದ ಗೆಲ್ಲುವುದು ಕಷ್ಟ, ಕಚ್ಚಿಕೊಳ್ಳುವ ಲಂಗರೇ ಬೇಕು.

ಕಲ್ಲು ತಳಕ್ಕೆ ಮಡಚುವ ಗ್ರ್ಯಾಪ್ನೆಲ್. ಈ ಹೆಸರು ಕೇಳಿ ಗಾಬರಿ ಬೇಡ. ನಮ್ಮ ಅಜ್ಜಿ ಮನೆಯಲ್ಲಿ ಬಾವಿಗೆ ಬಿದ್ದ ಕೊಡ ಎತ್ತುವುದಕ್ಕೆ ಪಾತಾಳಗರಡಿ ಇತ್ತಲ್ಲ, ಸುತ್ತ ಕೊಕ್ಕೆಗಳಿರುವುದು, ಅದರ ತಂಗಿಯೇ ಇದು. ನಾಲ್ಕು ಕೊಕ್ಕೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತವೆ, ಬಳೆಯನ್ನು ಅದರ ಜಾಗಕ್ಕೆ ಸರಿಸಿದರೆ ಬಿಗಿಯಾಗುತ್ತವೆ. ಒಂದಿಬ್ಬರ ಟ್ಯೂಬಿಗೆ ಮೂರು ಪೌಂಡಿನದು ಸಾಕು. ಕಲ್ಲಿನ ಸಂದಿಗೆ, ಮರದ ಬೊಡ್ಡೆಗೆ ಚೆನ್ನಾಗಿ ಹಿಡಿಯುತ್ತದೆ. ಅದೇ ಅದರ ಕೆಟ್ಟ ಗುಣವೂ ಹೌದು, ಕೆಲವು ಸಲ ಬಿಡುವುದೇ ಇಲ್ಲ. ಆ ಮಾತು ಆಮೇಲೆ.

ಮರಳಿಗೆ ಸ್ಕ್ರೂ ಲಂಗರು. ಇದು ಗೂಟವೇ, ತುದಿಯಲ್ಲಿ ತಿರುಪು. ನಿಂತುಕೊಳ್ಳುವಷ್ಟು ನೀರಿನಲ್ಲಿ ಹಿಡಿ ತಿರುಗಿಸಿ ತಿರುಗಿಸಿ ಒಂದೂವರೆ ಅಡಿ ಇಳಿಸಬೇಕು. ಮಕ್ಕಳ ಜೊತೆ ಸೊಂಟದ ನೀರಿನಲ್ಲೇ ಇರುವ ಮನೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮರಳಿನಲ್ಲಿ ಇನ್ನೂ ಆಳಕ್ಕೆ ಹೋಗುವವರಿಗೆ ಫ್ಲೂಕ್ ಲಂಗರು: ಎರಡು ಚಪ್ಪಟೆ ರೆಕ್ಕೆ, ನೇಗಿಲಿನ ಹಾಗೆ ಎಳೆದಷ್ಟೂ ಒಳಗೆ ಹೋಗುತ್ತದೆ.

ಮೆತ್ತನೆ ಕೆಸರಿಗೆ ಮಶ್ರೂಮ್ ಲಂಗರು, ಬೋರಲು ಹಾಕಿದ ಅಣಬೆ. ಗಾಳಿ ಕಡಿಮೆ ಇರುವ ಸಣ್ಣ ಕೆರೆಗೆ ಆಗುತ್ತದೆ. ಕಲ್ಲಿನ ಮೇಲೆ ಉರುಳಾಡುತ್ತದೆ, ದಂಡ. ಅಂಗಡಿಯಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಇದೇ, ಅದಕ್ಕೇ ಹೇಳಿದೆ.

ಲಂಗರು ಬೇಡದ ಒಂದು ಸಂದರ್ಭವೂ ಇದೆ. ಸಣ್ಣ ಕೆರೆ, ಗಾಳಿ ಮೆಲ್ಲಗೆ ದಡದಿಂದ ನೀರಿಗೆ ಬೀಸುತ್ತಿದೆ, ದಡದಲ್ಲಿ ಗಟ್ಟಿ ಮರ ಇದೆ ಅಂದರೆ ಮರಕ್ಕೇ ಕಟ್ಟಿ. ಗಾಳಿಯೇ ಫ್ಲೋಟನ್ನು ಆಚೆ ತಳ್ಳಿ ಹಗ್ಗವನ್ನು ಬಿಗಿಯಾಗಿ ಇಡುತ್ತದೆ. ದಡದ ಮೇಲೆ ಓಡಾಡುವವರು ಎಡವದ ಹಾಗೆ ಹಗ್ಗಕ್ಕೆ ಬಟ್ಟೆ ಚೂರು ಕಟ್ಟಿ.

4. ಹಗ್ಗ ಎಷ್ಟು ಉದ್ದ? (ಇದನ್ನು ಎರಡು ಸಲ ಓದಿ)

ತೇಲಿ ಹೋದ ಫ್ಲೋಟುಗಳಲ್ಲಿ ಮುಕ್ಕಾಲು ಪಾಲು ನಾನು ನೋಡಿದ ಹಾಗೆ ಹೋಗಿರುವುದು ಲಂಗರು ಸಣ್ಣದಾಗಿದ್ದಕ್ಕಲ್ಲ, ಹಗ್ಗ ಗಿಡ್ಡವಾಗಿದ್ದಕ್ಕೆ. ನೀರು ಎಂಟು ಅಡಿ ಆಳ ಇದ್ದರೆ ಜನ ಹತ್ತು ಅಡಿ ಹಗ್ಗ ಬಿಡುತ್ತಾರೆ. ಆಗ ಹಗ್ಗ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಅಲೆ ಬಂದಾಗಲೆಲ್ಲ ಲಂಗರನ್ನು ಮೇಲಕ್ಕೆ ಎತ್ತುತ್ತದೆ. ಮೂಲಂಗಿ ಕೀಳುವುದು ಹೇಗೆ? ನೆಟ್ಟಗೆ ಮೇಲಕ್ಕೆ ಎಳೆದು. ಅಡ್ಡಕ್ಕೆ ಎಳೆದರೆ ಬರುವುದಿಲ್ಲ. ಲಂಗರೂ ಹಾಗೇ, ಎಳೆತ ತಳಕ್ಕೆ ಅಡ್ಡವಾಗಿ ಬಂದರೆ ಮಾತ್ರ ಕಚ್ಚಿಕೊಳ್ಳುತ್ತದೆ.

ದೋಣಿಯವರು ಇದಕ್ಕೆ ಸ್ಕೋಪ್ ಅನ್ನುತ್ತಾರೆ: ಆಳಕ್ಕೆ ಹಗ್ಗ ಎಷ್ಟು ಪಟ್ಟು ಉದ್ದ ಇದೆ ಎನ್ನುವ ಲೆಕ್ಕ. ಗಾಳಿಯೇ ಇಲ್ಲದ ದಿನಕ್ಕೆ ಮೂರು ಪಟ್ಟು, ಸಾಮಾನ್ಯ ದಿನಕ್ಕೆ ಐದು ಪಟ್ಟು, ಗಾಳಿ ಇದ್ದರೆ ಏಳು ಪಟ್ಟು. ಎಂಟು ಅಡಿ ನೀರಿಗೆ ಐದು ಪಟ್ಟು ಅಂದರೆ ನಲವತ್ತು ಅಡಿ. ಹೌದು, ನಲವತ್ತು. ಜೊತೆಗೆ ಲಂಗರಿನ ಹತ್ತಿರ ಮೂರಾರು ಅಡಿ ಸರಪಳಿ ಹಾಕಿದರೆ ಅದರ ಭಾರಕ್ಕೆ ಹಗ್ಗದ ಕೊನೆ ತಳಕ್ಕೆ ಒರಗುತ್ತದೆ, ಕಲ್ಲಿಗೆ ಉಜ್ಜಿ ಹಗ್ಗ ಸವೆಯುವುದೂ ತಪ್ಪುತ್ತದೆ.

ಅಳೆಯುವುದಕ್ಕೆ ಟೇಪು ಬೇಡ. ಎರಡು ಕೈ ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ (ಗಿಡ್ಡ ಇದ್ದವರು ಐದೂವರೆ ಹಿಡಿಯಿರಿ). ಮನೆಯಲ್ಲೇ ಹಗ್ಗವನ್ನು ಮಾರು ಹಾಕಿ, ಪ್ರತಿ ಮಾರಿಗೆ ಬಣ್ಣದ ಟೇಪು ಸುತ್ತಿ ಇಟ್ಟುಕೊಳ್ಳಿ. ಲೇಕಿನಲ್ಲಿ ಲಂಗರು ಇಳಿಸುವಾಗ ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ, ಹಗ್ಗ ತಟ್ಟನೆ ಸಡಿಲಾಗುತ್ತದೆ. ಆಗ ಎಷ್ಟು ಟೇಪು ಒಳಗೆ ಹೋಯಿತು ಎಣಿಸಿದರೆ ಅದೇ ಆಳ. ಅದಕ್ಕೆ ಐದರಿಂದ ಗುಣಿಸಿ ಬಿಡುತ್ತಾ ಹೋಗಿ.

ಉದ್ದ ಹಗ್ಗಕ್ಕೆ ಒಂದು ಖರ್ಚಿದೆ. ಗೂಟಕ್ಕೆ ಕಟ್ಟಿದ ಕರು ಹಗ್ಗ ಇದ್ದಷ್ಟು ದೂರ ಮೇಯುತ್ತದೆ. ನಲವತ್ತು ಅಡಿ ಹಗ್ಗ ಬಿಟ್ಟ ಫ್ಲೋಟ್ ಗಾಳಿ ತಿರುಗಿದ ಹಾಗೆಲ್ಲ ಲಂಗರಿನ ಸುತ್ತ ನಲವತ್ತು ಅಡಿಯ ವೃತ್ತದಲ್ಲಿ ತಿರುಗುತ್ತದೆ. ಆ ವೃತ್ತದೊಳಗೆ ಪಕ್ಕದವರ ಫ್ಲೋಟ್, ಡಾಕ್ ಅಂದರೆ ದೋಣಿ ನಿಲ್ಲಿಸುವ ಮರದ ಕಟ್ಟೆ, ಬಂಡೆ ಯಾವುದೂ ಇರಬಾರದು. ಜಾಗ ಇಕ್ಕಟ್ಟಾಗಿದ್ದರೆ ಎದುರುಬದುರಾಗಿ ಎರಡು ಲಂಗರು ಹಾಕಿ. ಹಗ್ಗ ಗಿಡ್ಡ ಮಾಡಿ ಜಾಗ ಉಳಿಸಲು ಹೋಗಬೇಡಿ.

5. ಫ್ಲೋಟಿಗೆ ಎಲ್ಲಿ ಕಟ್ಟಬೇಕು

ಫ್ಲೆಮಿಂಗೊದ ಕುತ್ತಿಗೆಗೆ ಕಟ್ಟಬೇಡಿ. ಎಲ್ಲರಿಗೂ ಮೊದಲು ಕಾಣುವುದು ಅದೇ, ಕೈಗೆ ಸಿಗುವುದೂ ಅದೇ. ಆದರೆ ಕುತ್ತಿಗೆಯ ಬುಡದ ಹೊಲಿಗೆ ತೆಳು, ನಾಲ್ಕು ಅಲೆಗೆ ಬಾಯಿ ಬಿಡುತ್ತದೆ. ಎಳೆತ ಎತ್ತರದಿಂದ ಬಂದರೆ ಹಕ್ಕಿ ಮುಂದಕ್ಕೆ ಮುಗ್ಗರಿಸುತ್ತದೆ, ಮೇಲಿದ್ದವರು ನೀರಿಗೆ. ಗಾಳಿ ತುಂಬುವ ವಾಲ್ವಿಗೆ, ಲೋಟ ಇಡುವ ಗುಂಡಿಗೆ, ಮೆತ್ತನೆ ಹಿಡಿಕೆಗೆ ಕೂಡ ಬೇಡ.

ಒಳ್ಳೆಯ ಫ್ಲೋಟುಗಳಲ್ಲಿ ನೀರಿನ ಮಟ್ಟಕ್ಕೆ ಡಿ-ರಿಂಗ್ ಇರುತ್ತದೆ, ಡಿ ಅಕ್ಷರದ ಆಕಾರದ ಬಳೆ, ದಪ್ಪ ತೇಪೆಯ ಮೇಲೆ ಕೂರಿಸಿರುತ್ತಾರೆ. ಒಂದೇ ಬಳೆಗೆ ಎಲ್ಲ ಭಾರ ಹಾಕಬೇಡಿ. ಆರು ಅಡಿಯ ಒಂದು ತುಂಡು ಹಗ್ಗದ ಎರಡು ತುದಿಯನ್ನು ಎರಡು ಬಳೆಗೆ ಕಟ್ಟಿ, ನಡುವೆ ಒಂದು ಕುಣಿಕೆ ಮಾಡಿ, ಲಂಗರಿನ ಹಗ್ಗವನ್ನು ಕ್ಯಾರಬೀನರಿನಿಂದ ಆ ಕುಣಿಕೆಗೆ ಸಿಕ್ಕಿಸಿ. ತೊಟ್ಟಿಲ ಹಗ್ಗ ಎರಡು ಕಡೆಯಿಂದ ಬಂದು ಮೇಲೆ ಸೇರುತ್ತದಲ್ಲ, ಹಾಗೆ. ಭಾರ ಹಂಚಿಹೋಗುತ್ತದೆ, ಫ್ಲೋಟ್ ಗರಗರ ತಿರುಗುವುದೂ ಕಡಿಮೆಯಾಗುತ್ತದೆ.

ಬಳೆ ಇಲ್ಲದ ಬರೀ ಟ್ಯೂಬಾದರೆ ಎರಡು ಇಂಚು ಅಗಲದ ಪಟ್ಟಿಯನ್ನು ಟ್ಯೂಬಿನ ಮೈಗೆ ಒಂದು ಸುತ್ತು ಹಾಕಿ, ಪಟ್ಟಿಗೆ ಹಗ್ಗ ಕಟ್ಟಿ. ತೆಳು ಹಗ್ಗ ನೇರವಾಗಿ ಸುತ್ತಿದರೆ ಪ್ಲಾಸ್ಟಿಕ್ ಕೊಯ್ಯುತ್ತದೆ.

ಗಾಳಿ ತುಂಬುವ ಬಗ್ಗೆ ಎರಡು ಮಾತು. ಬಿಸಿಲಲ್ಲಿ ಡೋಲಿನ ಹಾಗೆ ಬಿಗಿಯಾಗಿ ತುಂಬಿಸಿ ದಡದಲ್ಲೇ ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ನೀರಿಗೆ ಹಾಕಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಫ್ಲೋಟ್ ಸ್ವಲ್ಪ ಮೆತ್ತಗಾಗುತ್ತದೆ. ತೂತಾಗಿದೆ ಎಂದು ಹೆದರಬೇಡಿ. ಹತ್ತು ನಿಮಿಷ ಬಿಟ್ಟು ಇನ್ನೊಂದಿಷ್ಟು ತುಂಬಿಸಿ.

6. ಗಂಟು

ಎರಡು ಗಂಟು ಬಂದರೆ ಸಾಕು. ಒಂದು ಬೋಲೈನ್. ಜಗ್ಗಿದರೂ ಬಿಗಿಯಾಗದ, ಆದರೆ ಬಿಚ್ಚಿಹೋಗದ ಕುಣಿಕೆ. ಕಟ್ಟುವುದು ಹೀಗೆ: ಹಗ್ಗದ ತುದಿಯಿಂದ ಎರಡು ಗೇಣು ಬಿಟ್ಟು ಒಂದು ಪುಟ್ಟ ಸುತ್ತು ಮಾಡಿ, ತುದಿಯ ಕಡೆಯ ಹಗ್ಗ ಮೇಲೆ ಇರಲಿ. ತುದಿಯನ್ನು ಬಳೆಯೊಳಗೆ ತೂರಿಸಿ ವಾಪಸ್ ತನ್ನಿ. ಪುಟ್ಟ ಸುತ್ತಿನೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಮತ್ತೆ ಅದೇ ಸುತ್ತಿನೊಳಗೆ ಮೇಲಿನಿಂದ ಕೆಳಕ್ಕೆ ಇಳಿಸಿ. ಎರಡೂ ಕಡೆ ಎಳೆಯಿರಿ. ಕೊನೆಗೆ ಕನಿಷ್ಠ ಒಂದು ಗೇಣು ಬಾಲ ಉಳಿಯಬೇಕು. ಮನೆಯಲ್ಲಿ ಕುರ್ಚಿ ಕಾಲಿಗೆ ಹತ್ತು ಸಲ ಕಟ್ಟಿ ಬಿಚ್ಚಿ ನೋಡಿ, ಲೇಕಿನಲ್ಲಿ ಮೊದಲ ಸಲ ಪ್ರಯತ್ನ ಬೇಡ.

ಇನ್ನೊಂದು, ಸರಪಳಿಯ ಕೊನೆಗೆ: ಬಳೆಯ ಸುತ್ತ ಎರಡು ಸುತ್ತು ಹಾಕಿ, ಆಮೇಲೆ ಉದ್ದ ಹಗ್ಗಕ್ಕೆ ಎರಡು ಅರೆಗಂಟು. ಬಾಲಕ್ಕೆ ಟೇಪು ಸುತ್ತಿ.

ಜೀರುಗುಣಿಕೆ ಮಾತ್ರ ಬೇಡ. ಎಳೆದಷ್ಟೂ ಬಿಗಿಯಾಗುವ ಕುಣಿಕೆಗೆ ಮಗುವಿನ ಕೈಯೋ ಕಾಲೋ ಸಿಕ್ಕರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಹಗ್ಗವನ್ನು ಸೊಂಟಕ್ಕೆ, ಕಾಲಿಗೆ, ಲೈಫ್ ಜಾಕೆಟ್ಟಿಗೆ ಕಟ್ಟಿಕೊಳ್ಳುವುದೂ ಬೇಡವೇ ಬೇಡ.

7. ಲಂಗರು ಇಳಿಸುವುದು

ಫ್ಲೋಟ್ ಎಲ್ಲಿ ನಿಲ್ಲಬೇಕೋ ಅಲ್ಲಿ ಲಂಗರು ಹಾಕುವುದಲ್ಲ. ಗಾಳಿ ಬರುವ ಕಡೆಗೆ, ಹಗ್ಗದ ಉದ್ದದಷ್ಟು ಮುಂದೆ ಹೋಗಿ ಹಾಕಬೇಕು. ಕಯಾಕಿನಲ್ಲೋ (ಹುಟ್ಟು ಹಾಕುವ ಪುಟ್ಟ ದೋಣಿ) ಪ್ಯಾಡಲ್ ಬೋರ್ಡಿನಲ್ಲೋ (ನಿಂತು ಹುಟ್ಟು ಹಾಕುವ ಹಲಗೆ) ಒಬ್ಬರು ಹೋಗಲಿ, ಲೈಫ್ ಜಾಕೆಟ್ ಹಾಕಿಕೊಂಡು. ಲಂಗರು ಕೈಯಲ್ಲಿ ಹಿಡಿದು ಈಜುವುದು ಬೇಡ. ಎಸೆಯಬೇಡಿ, ಇಳಿಸಿ. ಎಸೆದರೆ ಹಗ್ಗ ಕೊಕ್ಕೆಗೇ ಸುತ್ತಿಕೊಳ್ಳುತ್ತದೆ, ಸರಪಳಿ ಗುಡ್ಡೆಯಾಗಿ ಬೀಳುತ್ತದೆ.

ತಳ ಮುಟ್ಟಿದ ಮೇಲೆ ಫ್ಲೋಟನ್ನು ಗಾಳಿಗೆ ಬಿಟ್ಟು, ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬನ್ನಿ. ಪೂರ್ತಿ ಬಿಟ್ಟ ಮೇಲೆ ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಒಮ್ಮೆ ಜಗ್ಗಿ. ಹಗ್ಗದ ಮೇಲೆ ಕೈ ಇಟ್ಟು ನೋಡಿ. ಲಂಗರು ಹಿಡಿದಿದ್ದರೆ ಹಗ್ಗ ಬಿಗಿಯಾಗಿ ಸುಮ್ಮನೆ ನಿಲ್ಲುತ್ತದೆ. ಜಾರುತ್ತಿದ್ದರೆ ಗರ್ ಗರ್ ಎಂದು ಕಲ್ಲಿನ ಮೇಲೆ ಉಜ್ಜುವುದು ಬೆರಳಿಗೆ ಗೊತ್ತಾಗುತ್ತದೆ, ಕೆಟ್ಟ ರಸ್ತೆಯಲ್ಲಿ ಸೈಕಲ್ ಹ್ಯಾಂಡಲ್ ಹಿಡಿದ ಹಾಗೆ.

ಪೂಲ್ ನೂಡಲನ್ನು ಗೇಣುದ್ದ ತುಂಡು ಮಾಡಿ, ಫ್ಲೋಟಿನ ಹತ್ತಿರ ಮೇಲ್ಗಡೆ ಕಾಣುವ ಹಗ್ಗಕ್ಕೆ ನಾಲ್ಕಡಿಗೆ ಒಂದರಂತೆ ಸಿಕ್ಕಿಸಿ. ಇಲ್ಲಿ ಹಗ್ಗ ಇದೆ ಎಂದು ಈಜುವವರಿಗೂ ಕಯಾಕಿನವರಿಗೂ ಕಾಣಲಿ.

ಈಗ ದಡದಲ್ಲಿ ಎರಡು ಗುರುತು ಹಿಡಿಯಿರಿ, ಒಂದರ ಹಿಂದೆ ಒಂದು. ಒಂದು ಮರ, ಅದರ ಹಿಂದೆ ಕಸದ ಡಬ್ಬಿ, ಯಾವುದಾದರೂ ಸರಿ. ಫ್ಲೋಟ್ ಮೇಲೆ ಕೂತು ನೋಡಿದಾಗ ಎರಡೂ ಒಂದೇ ಸಾಲಿನಲ್ಲಿ ಇರಬೇಕು. ಗಾಳಿಗೆ ಆಚೆ ಈಚೆ ಓಲಾಡಿದಾಗ ಸಾಲು ತಪ್ಪಿ ಮತ್ತೆ ಸೇರುತ್ತದೆ, ಅದು ಸರಿ. ತಪ್ಪುತ್ತಲೇ ಹೋದರೆ ಲಂಗರು ಬಿಟ್ಟಿದೆ ಎಂದರ್ಥ. ಕಾಲು ಗಂಟೆಗೊಮ್ಮೆ ನೋಡಿ. ಈ ಕೆಲಸಕ್ಕೆ ಒಬ್ಬ ದೊಡ್ಡವರನ್ನು ಹೆಸರು ಹಿಡಿದು ನೇಮಿಸಿ. ಎಲ್ಲರೂ ನೋಡುತ್ತಾರೆ ಅಂದರೆ ಯಾರೂ ನೋಡುವುದಿಲ್ಲ.

ನಾಲ್ಕೈದು ಫ್ಲೋಟುಗಳನ್ನು ಒಂದಕ್ಕೊಂದು ಕಟ್ಟುವವರಿದ್ದಾರೆ. ಕಟ್ಟಿ, ಆದರೆ ಎಲ್ಲದರ ಎಳೆತವೂ ಕೂಡಿಕೊಂಡು ಒಂದೇ ಲಂಗರಿನ ಮೇಲೆ ಬೀಳುತ್ತದೆ. ಲಂಗರು ದೊಡ್ಡದು ಮಾಡಿ, ಇಲ್ಲ ಎರಡು ಹಾಕಿ. ಬಾಡಿಗೆ ದೋಣಿಯ ಹಿಂಭಾಗಕ್ಕೆ ಕಟ್ಟುವುದಾದರೆ ಇಂಜಿನ್ ಪೂರ್ತಿ ಆಫ್ ಆಗಿರಬೇಕು, ಜನರೇಟರ್ ಕೂಡ. ಪ್ರೊಪೆಲ್ಲರ್ ಒಂದು ಭಯ, ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನ ಮಟ್ಟದಲ್ಲಿ ದೋಣಿಯ ಹಿಂದೆ ಕೂತವರಿಗೆ ನೇರ ಮೂಗಿಗೆ.

8. ಲಂಗರು ತೆಗೆಯುವುದು, ತೊಳೆಯುವುದು

ಮೊದಲು ಜನ ಇಳಿಯಲಿ. ಕಯಾಕಿನಲ್ಲಿ ಹಗ್ಗ ಸುತ್ತಿಕೊಳ್ಳುತ್ತಾ ಲಂಗರಿನ ನೆತ್ತಿಯ ಮೇಲೆ ಹೋಗಿ ನೆಟ್ಟಗೆ ಎಳೆಯಿರಿ. ಮೂಲಂಗಿ ಮಾತು ನೆನಪಿದೆಯಲ್ಲ, ಈಗ ಅದು ನಮ್ಮ ಕಡೆ. ಬರದಿದ್ದರೆ ಹಾಕಿದ ದಿಕ್ಕಿನ ಎದುರು ದಿಕ್ಕಿಗೆ ಹೋಗಿ ಎಳೆಯಿರಿ. ಗ್ರ್ಯಾಪ್ನೆಲ್ ಬಳಸುವವರು ಮೊದಲೇ ಒಂದು ಉಪಾಯ ಮಾಡಿಕೊಳ್ಳಬಹುದು: ಕೊಕ್ಕೆಗಳ ಕಡೆಯ ತುದಿಗೆ ಇನ್ನೊಂದು ತೆಳು ಹಗ್ಗ ಕಟ್ಟಿ, ಅದರ ಮೇಲ್ತುದಿಗೆ ನೂಡಲ್ ತುಂಡು ಕಟ್ಟಿ ತೇಲಬಿಡುವುದು. ಈ ಹಗ್ಗ ಮಾತ್ರ ಆಳಕ್ಕಿಂತ ಎರಡು ಮೂರು ಅಡಿ ಉದ್ದ ಇದ್ದರೆ ಸಾಕು. ಸಿಕ್ಕಿಕೊಂಡರೆ ಅದನ್ನು ಎಳೆದಾಗ ಲಂಗರು ಹಿಂದಿನಿಂದ ಬಿಡಿಸಿಕೊಂಡು ಬರುತ್ತದೆ.

ಅದಕ್ಕೂ ಬರದಿದ್ದರೆ ಹಗ್ಗ ಕತ್ತರಿಸಿ. ಉಸಿರು ಹಿಡಿದು ಮುಳುಗಿ ಬಿಡಿಸಲು ಹೋಗಬೇಡಿ. ಹೊಸ ಲಂಗರು ಒಂದು ಊಟದ ದುಡ್ಡಿಗೆ ಬರುತ್ತದೆ. ಕತ್ತರಿಸುವಾಗ ಆದಷ್ಟು ಕೆಳಗೆ ಕತ್ತರಿಸಿ, ಉದ್ದ ಹಗ್ಗ ನೀರಲ್ಲಿ ಉಳಿಯಬಾರದು. ಸ್ಕ್ರೂ ಲಂಗರನ್ನಂತೂ ಮರೆತು ಬರಬೇಡಿ, ನಾಳೆ ಯಾರದೋ ಪಾದಕ್ಕೆ ಸಿಗುತ್ತದೆ. ರಾತ್ರಿಗೆ ಫ್ಲೋಟ್ ನೀರಲ್ಲೇ ಬಿಟ್ಟು ಬರುವುದೂ ಬೇಡ.

ಮನೆಗೆ ಹೊರಡುವ ಮೊದಲು ಲಂಗರು, ಸರಪಳಿ, ಹಗ್ಗಕ್ಕೆ ಅಂಟಿದ ಕೆಸರು, ಪಾಚಿ, ಜೊಂಡು ತೆಗೆಯಿರಿ. ಫ್ಲೋಟಿನ ಮಡಿಕೆಯಲ್ಲಿ ನಿಂತ ನೀರು ಅಲ್ಲೇ ಚೆಲ್ಲಿ. ಆಮೇಲೆ ಪೂರ್ತಿ ಒಣಗಿಸಿ. ಜೀಬ್ರಾ ಮಸೆಲ್ ಒಂದು ಲೇಕಿನಿಂದ ಇನ್ನೊಂದಕ್ಕೆ ಹೋಗುವುದೇ ಹೀಗೆ. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಹೊರಟು ಹೋದರೆ?

ಖಾಲಿ ಫ್ಲೋಟಾದರೆ ಹೋಗಲಿ ಬಿಡಿ. ಅದರ ಹಿಂದೆ ಈಜಬೇಡಿ. ಖಾಲಿ ಫ್ಲೋಟ್ ಗಾಳಿಗೆ ನೀರಿನ ಮೇಲೆ ಜಾರುತ್ತದೆ. ಇನ್ನೇನು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಇನ್ನೊಂದು ಹೊಡೆತ ಬೀಸಿ ಇಪ್ಪತ್ತು ಅಡಿ ಮುಂದೆ ಹೋಗಿರುತ್ತದೆ. ಹಾಗೆ ಹಾಗೆ ಆಸೆ ತೋರಿಸಿ ದಡ ಕಾಣದ ಕಡೆ ಕರೆದುಕೊಂಡು ಹೋಗುತ್ತದೆ. ಚೆನ್ನಾಗಿ ಈಜು ಬರುವವರೇ ಇದಕ್ಕೆ ಬೀಳುವುದು ಜಾಸ್ತಿ.

ಹೋದ ಮೇಲೆ ಪಾರ್ಕಿನವರಿಗೋ ಲೇಕ್ ಪೊಲೀಸರಿಗೋ ಒಂದು ಮಾತು ತಿಳಿಸಿ: ಇಂಥ ಫ್ಲೋಟ್ ಹೋಯಿತು, ಮೇಲೆ ಯಾರೂ ಇಲ್ಲ ಎಂದು. ಇಲ್ಲದಿದ್ದರೆ ನಡು ಲೇಕಿನಲ್ಲಿ ಖಾಲಿ ಫ್ಲೋಟ್ ನೋಡಿದವರು ಯಾರೋ ಮುಳುಗಿದ್ದಾರೆ ಎಂದು ಫೋನ್ ಮಾಡುತ್ತಾರೆ, ಹುಡುಕಾಟ ಶುರುವಾಗುತ್ತದೆ. ಮಾರ್ಕರ್ ತನ್ನಿ ಎಂದದ್ದು ಇದಕ್ಕೇ. ಫ್ಲೋಟಿನ ತಳದಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ.

ಮೇಲೆ ಯಾರಾದರೂ ಇದ್ದರೆ ಲೆಕ್ಕ ಬೇರೆ. ತಕ್ಷಣ 911ಕ್ಕೆ ಫೋನ್ ಮಾಡಿ. ಒಬ್ಬರು ಫ್ಲೋಟಿನಿಂದ ಕಣ್ಣು ತೆಗೆಯದೆ ಕೈ ಚಾಚಿ ತೋರಿಸುತ್ತಾ ನಿಲ್ಲಲಿ. ಹತ್ತಿರದ ಕಯಾಕು, ದೋಣಿಯವರನ್ನು ಕೂಗಿ ಕರೆಯಿರಿ. ಮೇಲಿದ್ದವರಿಗೆ ಒಂದೇ ಮಾತು: ಇಳಿಯಬೇಡ. ಬೋರಲು ಮಲಗಿ, ಗಾಳಿಗೆ ಎದ್ದು ನಿಲ್ಲದೆ, ಎರಡೂ ಕೈಯಲ್ಲಿ ಹುಟ್ಟು ಹಾಕುತ್ತಾ ಇರಬೇಕು. ದಡಕ್ಕೆ ಬರಲಾಗದಿದ್ದರೂ ದೂರ ಹೋಗುವುದು ನಿಧಾನವಾಗುತ್ತದೆ. ಮಕ್ಕಳಿಗೆ ಇದನ್ನು ಮನೆಯಲ್ಲೇ, ಕಾರು ಹತ್ತುವ ಮೊದಲೇ ಹೇಳಿಕೊಡಿ.

ಗುಡುಗು ಕೇಳಿಸಿದರೆ ಫ್ಲೋಟ್, ಲಂಗರು ಯಾವುದನ್ನೂ ನೋಡಬೇಡಿ, ಎಲ್ಲರೂ ದಡಕ್ಕೆ, ಅಲ್ಲಿಂದ ಕಾರಿಗೆ. ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಆದ ಮೇಲೆ ವಾಪಸ್.

ಊರಿಗೆ ಹೋಗುವಾಗ ಈ ಫ್ಲೋಟ್ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬಹುದಾ ಎಂದೂ ಇಬ್ಬರು ಕೇಳಿದ್ದರು. ರೆಸಾರ್ಟಿನ ಕೊಳಕ್ಕಾದರೆ ಒಯ್ಯಿರಿ. ಶರಾವತಿ ಹಿನ್ನೀರಿಗೋ ಊರ ಕೆರೆಗೋ ಬೇಡ. ಮುಳುಗಿದ ಮರದ ಬೊಡ್ಡೆ ಎಲ್ಲಿದೆ, ಹೂಳು ಎಷ್ಟಿದೆ ಮೇಲಿನಿಂದ ತಿಳಿಯುವುದಿಲ್ಲ, ಕೂಗಿದರೆ ಬರುವ ದೋಣಿಯೂ ಇರುವುದಿಲ್ಲ. ಲೈಫ್ ಜಾಕೆಟ್ ಹಾಕಿಸಿ, ಜೊತೆಗೆ ನಿಂತು ನೀರಿಗೆ ಇಳಿಸುವವರು ಇರುವ ಕಡೆಗೆ ಹೋಗಿ. ಫ್ಲೆಮಿಂಗೊ 23 ಕೆ.ಜಿ. ಲಗೇಜಿನಲ್ಲಿ ತಿನ್ನುವ ಜಾಗಕ್ಕೆ ಬರುವಾಗ ಹಪ್ಪಳ ಸಂಡಿಗೆ ತರಬಹುದು.